ಗಂಟಿನ ಸವಾರಿ

ನಮ್ಮೂರಿನ ಡ್ರೈವರುಗಳನ್ನು ಗುರುತು ಹಿಡಿಯುವುದು ಸುಲಭ. ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡು, ಬಲಗಾಲನ್ನು ಮಾತ್ರ ಕೆಳಗೆ ಬಿಟ್ಟು, ಎಲೆಯ ಮುಂದೆ ಊಟಕ್ಕೆ ಕೂತವರಂತೆ ಕೂತು ಬಸ್ಸು ಓಡಿಸುತ್ತಿದ್ದರೆ ಅವರು ನಮ್ಮವರು. ಎಡಗಾಲು ಕೆಳಗಿದ್ದರೆ ಎಂದಾದರೊಂದು ದಿನ ಕ್ಲಚ್ಚಿನ ಮೇಲೆ ಹೋಗಿಯೇ ಹೋಗುತ್ತದೆ. ಕ್ಲಚ್ಚು ಒತ್ತಿದರೆ ಆ ಗಾಡಿಯೊಳಗಿನ ಗಂಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಪಂಚೆಯ ಗಂಟು, ಲಂಗದ ಲಾಡಿ, ಜಡೆಯ ರಿಬ್ಬನ್ನು, ಅಕ್ಕಿಮೂಟೆಯ ಬಾಯಿ, ಕೋಳಿಯ ಕಾಲಿನ ಹಗ್ಗ, ಒಂದೂ ನಿಲ್ಲುವುದಿಲ್ಲ. ಗುಂಡಿ, ಹುಕ್ಕುಗಳಿಗೂ ಅದೇ ಗತಿ. ಹೊಲಿಗೆ ಮಾತ್ರ ನಿಲ್ಲುತ್ತದೆ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹೊರಗಿನಿಂದ ಬಂದವರು ಕೇಳುತ್ತಾರೆ, ಅದೂ ಎರಡು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು.

ಊರು ಇದಕ್ಕೆ ತಕ್ಕ ಹಾಗೆ ಹೊಂದಿಕೊಂಡಿದೆ. ಬಸ್ ಸ್ಟಾಪುಗಳೆಲ್ಲ ಇಳಿಜಾರಿನಲ್ಲೇ ಇವೆ. ಬ್ರೇಕು ಬಿಟ್ಟರೆ ಬಸ್ಸು ತಾನೇ ಉರುಳುತ್ತದೆ, ಉರುಳುವಾಗ ಗೇರು ಹಾಕಿದರಾಯಿತು. ಬಸ್ಸಿಗೆ ಹೊರಡುವ ಗಂಡಸರು ಪಂಚೆಗೆ ಸೊಂಟದ ಹತ್ತಿರ ನಾಲ್ಕು ಹೊಲಿಗೆ ಹಾಕಿಸಿಕೊಳ್ಳುತ್ತಾರೆ, ಇಳಿದ ಮೇಲೆ ದಾರ ಕಿತ್ತು ಬಿಸಾಡುತ್ತಾರೆ. ಯಾರಾದರೂ ಸೀರಿಯಸ್ಸಾಗಿ ಮಲಗಿದರೆ ನಮ್ಮ ಪಂಡಿತರು ಅವರನ್ನು ತಮ್ಮ ಜೀಪಿನಲ್ಲಿ ಮಲಗಿಸಿ ಒಂದು ಸಲ ಕ್ಲಚ್ಚು ಒತ್ತುತ್ತಾರೆ. ಸೊಂಟದ ಉಡುದಾರ ಬಿಚ್ಚಿದರೆ ಕಷಾಯ ಕೊಡುತ್ತಾರೆ. ಬಿಚ್ಚದಿದ್ದರೆ ನೆಂಟರಿಗೆ ಹೇಳಿ ಕಳಿಸಿ ಎನ್ನುತ್ತಾರೆ. ಕ್ಲಚ್ಚು ಒತ್ತಿದಾಗಲೂ ಯಾರ ಗಂಟು ಬಿಚ್ಚುವುದಿಲ್ಲವೋ ಅವನು ಹೋದ ಎಂದೇ ಲೆಕ್ಕ.

ನಾನು ಮಲಿಯಪ್ಪ. ಮೇಲಿನ ಪೇಟೆಯಿಂದ ಕೆಳಗಿನ ಪೇಟೆಗೆ ಇಳಿಯುವ ಬಸ್ಸು ನನ್ನದು. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಸ್ಟಿಯರಿಂಗ್ ಹಿಡಿದ ದಿನದಿಂದ ನನ್ನ ಎಡಗಾಲು ಕ್ಲಚ್ಚು ಮುಟ್ಟಿಲ್ಲ. ಕ್ಲಚ್ಚಿಲ್ಲದೆ ಗೇರು ಬದಲಿಸುವುದು ಕಾಲಿನ ಕೆಲಸವಲ್ಲ, ಕಿವಿಯ ಕೆಲಸ. ಆಕ್ಸಿಲರೇಟರ್ ಬಿಡಬೇಕು, ಇಂಜಿನ್ನಿನ ಎಳೆತ ನಿಂತ ಗಳಿಗೆಯಲ್ಲಿ ಲಿವರು ಬೆಣ್ಣೆಯಂತೆ ನ್ಯೂಟ್ರಲ್ಲಿಗೆ ಬರುತ್ತದೆ. ಇಂಜಿನ್ನಿನ ದನಿ ಇಳಿಯುತ್ತಾ ಇಳಿಯುತ್ತಾ ಚಕ್ರದ ದನಿಗೆ ಸೇರುವ ಒಂದು ಜಾಗವಿದೆ. ಅಲ್ಲಿ ಎರಡು ಬೆರಳಲ್ಲಿ ತಳ್ಳಿದರೆ ಮೇಲಿನ ಗೇರು ತಾನಾಗಿ ಕೂರುತ್ತದೆ. ಕೆಳಗಿನ ಗೇರಿಗೆ ಬರಬೇಕಾದರೆ ನಡುವೆ ಆಕ್ಸಿಲರೇಟರಿಗೆ ಒಂದು ಗುದ್ದು. ನನ್ನ ಬಸ್ಸಿನಲ್ಲಿ ಗೇರು ಬಿದ್ದದ್ದು ಮಡಿಲಲ್ಲಿ ಮಲಗಿದ ಕೂಸಿಗೂ ಗೊತ್ತಾಗುತ್ತಿರಲಿಲ್ಲ.

ಇದನ್ನು ಒಪ್ಪದವನು ಒಬ್ಬನೇ, ಸಾಬ್ಜಾನ್ ಮೇಸ್ತ್ರಿ. ಬೇರೆ ಊರಿನಿಂದ ಬಂದು ಕೆಳಗಿನ ಪೇಟೆಯಲ್ಲಿ ಗ್ಯಾರೇಜು ಇಟ್ಟವನು. ಒಳ್ಳೆಯ ಕೆಲಸಗಾರ, ಒಳ್ಳೆಯ ಸ್ನೇಹಿತ, ಹಟದಲ್ಲಿ ಮಾತ್ರ ನನ್ನನ್ನೂ ಮೀರಿಸಿದವನು. ದಿನಾ ಸಂಜೆ ಹೋಟೆಲಿನಲ್ಲಿ ನಮ್ಮಿಬ್ಬರದು ಇದೇ ಜಗಳ.

"ಮಲಿಯಣ್ಣ, ಗೇರ್ ಬಾಕ್ಸಿನೊಳಗೆ ಹಿತ್ತಾಳೆ ಬಳೆ ಇರ್ತವೆ. ವೇಗ ಸಮ ಮಾಡಕ್ಕೆ ಅಂತ ಅವು ಉಜ್ಜಿ ಉಜ್ಜಿ ಪ್ರಾಣ ಬಿಡ್ತವೆ. ಕ್ಲಚ್ ಒತ್ತಿದ್ರೆ ಅವಕ್ಕೆ ಹೊರೆ ಇಲ್ಲ. ನೀನು ಒತ್ತಲ್ಲ. ಬಳೆ ಸವೀತದೆ, ಆಮೇಲೆ ಹಲ್ಲು ಮುಕ್ಕಾಗ್ತದೆ."

"ವೇಗ ನಾನೇ ಸಮ ಮಾಡಿ ಕೊಟ್ರೆ ಅವಕ್ಕೇನಯ್ಯ ಕೆಲಸ? ಒಳಗೆ ಕೂತು ಪಗಡೆ ಆಡ್ತವೆ."

"ಒಂದು ದಿನ ತಪ್ಪಲ್ವಾ? ಒಂದು ಸಲ ಕೆಮ್ಮು ಬಂದ್ರೆ? ಒಂದು ಸಲ ಮನಸ್ಸು ಎಲ್ಲೋ ಹೋದ್ರೆ?"

"ನನ್ನ ಮನಸ್ಸು ಎಲ್ಲಿಗೂ ಹೋಗಲ್ಲ."

ಹೋಟೆಲಿನವರೆಲ್ಲ ಎರಡು ಪಂಗಡವಾಗಿದ್ದರು. ಗೇರ್ ಬಾಕ್ಸನ್ನು ಕಣ್ಣಲ್ಲಿ ನೋಡದವರೂ ಅದರ ಹಲ್ಲಿನ ವಿಷಯದಲ್ಲಿ ಮೈಮೇಲೆ ಕಾಫಿ ಚೆಲ್ಲಿಕೊಳ್ಳುವಷ್ಟು ವಾದ ಮಾಡುತ್ತಿದ್ದರು. ಕೊನೆಗೆ ಒಂದು ಸಂಜೆ ನಾನೇ ಟೇಬಲ್ಲು ಗುದ್ದಿ ಹೇಳಿದೆ: ಲಗ್ನದ ಸೀಸನ್ನು ಮುಗಿಯುತ್ತಲೇ ಗೇರ್ ಬಾಕ್ಸು ಬಿಚ್ಚು. ಒಂದು ಹಲ್ಲು ಮುಕ್ಕಾಗಿದ್ದರೆ, ಒಂದು ಬಳೆ ಸವೆದಿದ್ದರೆ, ಚೌಕದಲ್ಲಿ ಕೂತು ಮೀಸೆ ಬೋಳಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ನೀನು ಬದುಕಿರುವಷ್ಟು ದಿನ ನನ್ನ ಬಸ್ಸು ತೊಳೆಯಬೇಕು. ಸಾಬ್ಜಾನು ನನ್ನ ಮೀಸೆಯನ್ನು ಒಂದು ಗಳಿಗೆ ನೋಡಿ, "ಆಯ್ತು" ಎಂದ. ಆ ಮೀಸೆ ಸುಮ್ಮನೆ ಬಂದದ್ದಲ್ಲ. ತುದಿಗಳು ಕಿವಿಯವರೆಗೆ ಹೋಗಬೇಕಾದರೆ ಎಷ್ಟು ಹರಳೆಣ್ಣೆ ಕುಡಿದಿತ್ತೋ ನನಗೇ ಗೊತ್ತು.

ಲಗ್ನದ ಸೀಸನ್ನಿಗೂ ನನ್ನ ಕಾಲಿಗೂ ಇರುವ ಸಂಬಂಧ ಹೇಳಬೇಕು. ನಮ್ಮಲ್ಲಿ ತಾಳಿ ಕಟ್ಟುವುದು ಕೊನೆಗೆ. ಅದಕ್ಕೆ ಮೊದಲು ಗಂಟಿನ ಸವಾರಿ. ಹುಡುಗಿಯ ಸೆರಗನ್ನೂ ಹುಡುಗನ ಶಲ್ಯವನ್ನೂ ಹುಡುಗಿಯ ಸೋದರಮಾವ ಗಂಟು ಹಾಕಬೇಕು. ಎರಡೂ ಕಡೆಯವರು ಬಸ್ಸು ಹತ್ತಿ ಮೇಲಿನ ಪೇಟೆಯಿಂದ ತಿರುವುಗಳನ್ನೆಲ್ಲ ಇಳಿದು ಕೆಳಗಿನ ಪೇಟೆ ಸೇರಬೇಕು. ಆ ದಿನ ಯಾರೂ ಹೊಲಿಗೆ ಹಾಕಿಸಿಕೊಂಡು ಬರುವಂತಿಲ್ಲ. ಗಂಟು ನಿಂತರೆ ಚಪ್ಪರಕ್ಕೆ ಹೋಗಿ ತಾಳಿ. ಬಿಚ್ಚಿದರೆ ಮದುವೆ ಇಲ್ಲ, ಊಟ ಮಾಡಿಕೊಂಡು ಅವರವರು ಅವರವರ ಮನೆಗೆ. ಬಸ್ಸಿನಲ್ಲಿ ಬಿಚ್ಚಿದ್ದಕ್ಕೆ ಹುಡುಗಿಯನ್ನೂ ಅನ್ನುವುದಿಲ್ಲ, ಹುಡುಗನನ್ನೂ ಅನ್ನುವುದಿಲ್ಲ. ಹೊಟ್ಟೆಗೆ ಅನ್ನ ತಿನ್ನುವವರು ಯಾರೂ ಬೇಕೆಂದು ಕ್ಲಚ್ಚು ಒತ್ತುವುದಿಲ್ಲ ಎಂಬ ನಂಬಿಕೆ. ಆದರೂ ಒಂದು ಕಾವಲು ಇರಲಿ ಎಂದು, ಡ್ರೈವರನ ಎಡಗಾಲಿನ ಚಪ್ಪಲಿಯನ್ನು ಹುಡುಗನ ಸೋದರಮಾವ ಮಡಿಲಲ್ಲಿಟ್ಟುಕೊಂಡು ಅವನ ಪಕ್ಕದಲ್ಲೇ ಬಾನೆಟ್ಟಿನ ಮೇಲೆ ಕೂರುತ್ತಾನೆ. ಎಂತೆಂಥ ದೊಡ್ಡ ಮನುಷ್ಯರು ನನ್ನ ಚಪ್ಪಲಿ ಹಿಡಿದು ಕೂತಿದ್ದಾರೆ! ನನ್ನ ಬಸ್ಸಿನಲ್ಲಿ ಒಂದೇ ಒಂದು ಲಗ್ನದ ಗಂಟು ಬಿಚ್ಚಿರಲಿಲ್ಲ. ಮೊದಲ ಪಂಕ್ತಿಯಲ್ಲಿ ನನಗೆ ಎಲೆ ಹಾಕಿದ ಮೇಲೆಯೇ ಬೀಗರಿಗೆ ಹಾಕುತ್ತಿದ್ದರು.

ಆ ಸೀಸನ್ನಿನ ಕೊನೆಯ ಲಗ್ನ ನನ್ನ ತಂಗಿಯ ಮಗಳು ನೀಲವೇಣಿಯದು. ಮೇಲಿನ ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಬಸ್ಸು ಹತ್ತುವ ಗಂಡಸರ ಪಂಚೆಗೆ ಹೊಲಿಗೆ ಹಾಕುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಮಾತಾಡುತ್ತಾ ಮಾತಾಡುತ್ತಾ ಚರ್ಮಕ್ಕೆ ಸೂಜಿ ತಾಗದಂತೆ ಹಾಕಿಬಿಡುತ್ತಾಳೆ. ಹುಡುಗ ಚಿದಾನಂದ, ಕೆಳಗಿನ ಪೇಟೆಯ ಅನುಕೂಲಸ್ಥರ ಮನೆಯವನು. ಲಗ್ನಕ್ಕೆ ಎರಡು ದಿನವಿದ್ದಾಗ ನಾನು ಹೊಸ ಕೋಟಿನ ಅಳತೆ ನೋಡಲು ಅವಳ ಅಂಗಡಿಗೆ ಹೋದೆ. ಅವಳು ನನ್ನ ಭುಜಕ್ಕೆ ಪಿನ್ನು ಚುಚ್ಚುತ್ತಾ, ಬೆನ್ನ ಹಿಂದಿನಿಂದಲೇ ಕೇಳಿದಳು.

"ಮಾವ, ನನ್ನ ಸವಾರಿ ದಿನ ಒಂದ್ಸಲ ಕ್ಲಚ್ ಒತ್ತುತೀರಾ?"

ನಾನು ತಿರುಗಿದ ರಭಸಕ್ಕೆ ಪಿನ್ನು ಭುಜಕ್ಕೆ ಇಳಿಯಿತು.

"ಏನೇ ಅದು ಮಾತು?"

"ಅವರಮ್ಮ ನನ್ನ ಮಿಷನ್ನು ಮುಚ್ಚಿಸ್ತಾರಂತೆ. ನಿಮಗೂ ಹಂಗೇನಾ ಅಂತ ಹುಡುಗನ್ನ ಕೇಳ್ದೆ. ಅಮ್ಮನ್ನ ಕೇಳಿ ಹೇಳ್ತೀನಿ ಅಂದ್ರು. ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳಿದ್ದಕ್ಕೂ ಅಮ್ಮನ್ನ ಕೇಳಿ ಹೇಳ್ತೀನಿ ಅಂದ್ರು. ಕೆಟ್ಟವರಲ್ಲ ಮಾವ. ಆದ್ರೆ ನಾನು ಮದ್ವೆ ಆಗ್ತಿರೋದು ಯಾರನ್ನ ಅಂತಲೇ ಗೊತ್ತಾಗ್ತಿಲ್ಲ."

"ನಿಮ್ಮವ್ವನಿಗೆ ಹೇಳು."

"ಹೇಳ್ದೆ. ಬಾಯಲ್ಲಿ ಬೇಡ ಅಂದ ಹುಡುಗೀನ ಆಮೇಲೆ ಯಾರು ಕೇಳ್ತಾರೆ, ಬಸ್ಸಲ್ಲಿ ಬಿಚ್ಚಿದ್ರೆ ಅದು ಬೇರೆ ಮಾತು ಅಂದ್ಲು."

"ನೋಡು ನೀಲಾ, ನನ್ನ ಕಾಲಿಗೊಂದು ಮರ್ಯಾದೆ ಅಂತ ಇದೆ."

"ನನಗೂ ಇದೆ ಮಾವ," ಎಂದಳು. ದನಿ ಏರಿಸಲಿಲ್ಲ. ಪಿನ್ನು ಕಿತ್ತು ಡಬ್ಬಿಗೆ ಹಾಕಿದಳು.

ನಾನು ಸಿಟ್ಟಿನಿಂದ ಒಂದೇ ತೋಳಿನ ಕೋಟು ಹಾಕಿಕೊಂಡೇ ಮನೆಗೆ ಬಂದೆ. ಹಾದಿಯಲ್ಲಿ ಸಿಕ್ಕವರೆಲ್ಲ ಹೊಸ ಫ್ಯಾಶನ್ನಾ ಎಂದು ಕೇಳಿದರು.

ಸವಾರಿಯ ದಿನ ಗಂಟು ಹಾಕಿದವನು ನಾನೇ. ಸೋದರಮಾವ ನಾನು ತಾನೇ. ಅವಳ ಮಾತು ತಲೆಯಲ್ಲಿ ಇದ್ದದ್ದರಿಂದಲೋ ಏನೋ, ಬೇಕೆಂದೇ ಎರಡು ಸುತ್ತು ಹೆಚ್ಚಿಗೆ ಹಾಕಿ ಜಗ್ಗಿ ಬಿಗಿದೆ. ನೀಲವೇಣಿ ನನ್ನ ಮುಖ ನೋಡಲಿಲ್ಲ, ಗಂಟನ್ನೇ ನೋಡುತ್ತಿದ್ದಳು. ಇಬ್ಬರನ್ನೂ ನನ್ನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಪಕ್ಕದ ಸೀಟಿನಲ್ಲಿ ಹುಡುಗನ ತಾಯಿ ಗಿರಿಜಮ್ಮ. ಬಾನೆಟ್ಟಿನ ಮೇಲೆ ಹುಡುಗನ ಸೋದರಮಾವ ರುದ್ರಯ್ಯ, ಜರತಾರಿ ಪಂಚೆ, ಮಡಿಲಲ್ಲಿ ನನ್ನ ಚಪ್ಪಲಿ. ಕೊನೆಯ ಸಾಲಿನ ಹತ್ತಿರ ನೀಲವೇಣಿಯ ಹೊಲಿಗೆ ಮಿಷನ್ನು, ಅದೂ ದಿಬ್ಬಣದ ಜೊತೆಗೇ ಹೊರಟಿತ್ತು. ನಾನು ಎಡಗಾಲು ಮಡಚಿ ಬ್ರೇಕು ಬಿಟ್ಟೆ.

ಮೊದಲ ತಿರುವು ಇಳಿದೆವು. ಗಿರಿಜಮ್ಮ ಸಂತೋಷದಿಂದ ಮಾತಾಡುತ್ತಿದ್ದರು.

"ಆ ಮಿಷನ್ ಇದೆಯಲ್ಲ, ಮೇಲಿಂದು ತೆಗೆಸಿ ಗುಜರಿಗೆ ಹಾಕೋಣ. ಕೆಳಗಿನ ಸ್ಟ್ಯಾಂಡು ಮಾತ್ರ ಗಟ್ಟಿ ಇದೆ, ಹಲಗೆ ಬಡಿಸಿ ಟಿವಿ ಇಡಬಹುದು. ಅಲ್ವೇನೋ ಚಿದಾ?"

"ನೀನು ಹೇಳಿದ್ ಹಾಗೆ ಅಮ್ಮ," ಎಂದ ಹುಡುಗ.

ಕನ್ನಡಿಯಲ್ಲಿ ನೋಡಿದೆ. ನೀಲವೇಣಿ ಅಳುತ್ತಿರಲಿಲ್ಲ. ಅತ್ತಿದ್ದರೆ ಗದರಿಸಿ ಸುಮ್ಮನಾಗುತ್ತಿದ್ದೆ. ಅವಳು ಖಾಲಿ ಮಡಿಲಲ್ಲಿ ಎರಡೂ ಕೈ ಇಟ್ಟು, ಬಟ್ಟೆ ಸರಿಸುವವಳ ಹಾಗೆ ಬೆರಳು ಆಡಿಸುತ್ತಿದ್ದಳು. ಅದನ್ನು ನೋಡುತ್ತಾ ಮೂರನೇ ಗೇರು ಹಾಕಿದೆ. ಬಸ್ಸು ಹಲ್ಲು ಕಡಿಯಿತು. ಇಡೀ ಬಸ್ಸಿಗೆ ಕೇಳಿಸಿತು. ಸಾಬ್ಜಾನು ಹೇಳಿದ್ದು ಆಗಿತ್ತು, ಮನಸ್ಸು ಎಲ್ಲೋ ಹೋಗಿತ್ತು. ಆ ಸದ್ದು ನನ್ನ ಎದೆಗೇ ತಾಗಿದಂತಾಯಿತು, ನಿಜ ಹೇಳುತ್ತೇನೆ. ನನ್ನ ಕಾಲಿನ ಮರ್ಯಾದೆ ಉಳಿಸಲು ಈ ಹುಡುಗಿಯನ್ನು ಟಿವಿ ಸ್ಟ್ಯಾಂಡು ಮಾಡಲು ಹೊರಟಿದ್ದೇನಲ್ಲ ಎನಿಸಿತು.

"ಕಾಲು ಜೋಮು ಹಿಡೀತು," ಎಂದು ಎಡಗಾಲು ಕೆಳಗಿಟ್ಟೆ.

"ಮಡಚು ಮಲಿಯಪ್ಪ, ಮಡಚು!" ಎಂದರು ರುದ್ರಯ್ಯ.

ನಾನು ಕ್ಲಚ್ಚು ಒತ್ತಿದೆ. ಪೆಡಲ್ಲು ಕಿರ್ರೆಂದು ನೆಲ ಮುಟ್ಟಿತು.

"ಒತ್ತಿದ! ಒತ್ತಿಬಿಟ್ಟ!" ಎಂದು ರುದ್ರಯ್ಯ ಚಪ್ಪಲಿ ಎತ್ತಿ ಕೂಗಿದರು. ಬಸ್ಸಿನಲ್ಲಿದ್ದವರೆಲ್ಲ ಸೊಂಟಕ್ಕೆ ಕೈ ಕೊಟ್ಟು ಕಣ್ಣು ಮುಚ್ಚಿದರು. ವಾಲಗದವನು ಡೋಲನ್ನು ಅಡ್ಡ ಹಿಡಿದ.

ಏನೂ ಆಗಲಿಲ್ಲ. ಇಂಜಿನ್ನಿನ ದನಿ ಬದಲಾಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಮತ್ತೂ ಒಮ್ಮೆ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ನಾನು ಹಾಕಿದ ಗಂಟು ನನ್ನನ್ನೇ ಅಣಕಿಸುತ್ತಾ ಹಾಗೇ ಕೂತಿತ್ತು. ಇಷ್ಟು ವರ್ಷ ಮುಟ್ಟದ ಕ್ಲಚ್ಚು, ಮುಟ್ಟಿದ ದಿನ ಕೈ ಕೊಟ್ಟಿತ್ತು. ಬಸ್ಸನ್ನು ನ್ಯೂಟ್ರಲ್ಲಿಗೆ ಎಳೆದು ರಸ್ತೆಯ ಪಕ್ಕ ನಿಲ್ಲಿಸಿದೆ. ಜನ ಒಬ್ಬೊಬ್ಬರೇ ಕಣ್ಣು ಬಿಟ್ಟು ತಮ್ಮ ತಮ್ಮ ಗಂಟು ಮುಟ್ಟಿ ನೋಡಿಕೊಂಡರು. ಎಲ್ಲರದೂ ಗಟ್ಟಿಯಾಗಿತ್ತು. ಹಿಂದಿನಿಂದ ಯಾರೋ ಸಣ್ಣ ದನಿಯಲ್ಲಿ ಕೇಳಿದರು.

"ಹಂಗಾದ್ರೆ ನಾವೆಲ್ಲ ಹೋಗಿಬಿಟ್ವಾ?"

ಯಾರೂ ನಗಲಿಲ್ಲ. ಘಾಟಿಯ ತಿರುವಿನಲ್ಲಿ ನಿಂತ ಬಸ್ಸು, ಬಿಚ್ಚದ ಗಂಟುಗಳು. ಕೆಲವರು ಕಿಟಕಿಯಿಂದ ಬಗ್ಗಿ ಬಸ್ಸು ನಿಜವಾಗಿ ರಸ್ತೆಯ ಮೇಲೆಯೇ ಇದೆಯೇ ಎಂದು ನೋಡಿದರು. ನೀಲವೇಣಿ ಮಾತ್ರ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ತಲೆ ಅಲ್ಲಾಡಿಸಿದೆ, ನನ್ನಿಂದ ಆಗಲಿಲ್ಲ ತಾಯಿ ಎಂದು. ಅವಳು ಒಂದು ಉಸಿರು ಎಳೆದುಕೊಂಡಳು. ಗಂಟನ್ನು ಮಡಿಲಿಗೆ ಎಳೆದು ಬಿಚ್ಚತೊಡಗಿದಳು. ನಾನು ಹೆಚ್ಚಿಗೆ ಹಾಕಿದ್ದ ಎರಡು ಸುತ್ತು ಜಗ್ಗಲಿಲ್ಲ; ಹಲ್ಲಲ್ಲಿ ಕಚ್ಚಿ ಸಡಿಲಿಸಿದಳು. ಸೆರಗು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ಸ್ಪಷ್ಟವಾಗಿ ಹೇಳಿದಳು.

"ನಂದು ಬಿಚ್ಚಿತು."

"ಕೈಯಲ್ಲಿ ಬಿಚ್ಚಿದ್ಲು!" ಗಿರಿಜಮ್ಮ ಎದ್ದು ನಿಂತರು. "ನಾನು ನೋಡ್ದೆ! ಬಾಯಲ್ಲಿ ಕಚ್ಚಿ ಬಿಚ್ಚಿದ್ಲು!"

ಆಗ ನಡುವಿನ ಸೀಟಿನಿಂದ ಹೊನ್ನಜ್ಜಿಯ ದನಿ ಬಂತು. ಹೊನ್ನಜ್ಜಿ ಮೇಲಿನ ಪೇಟೆಯ ಹಳೆಯ ಸೂಲಗಿತ್ತಿ. ಆ ಬಸ್ಸಿನಲ್ಲಿದ್ದ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದವಳು.

"ಅಯ್ಯೋ, ನಂದೂ ಬಿಚ್ಚಿತಲ್ಲಪ್ಪ," ಎಂದು ತನ್ನ ಮಂಡಕ್ಕಿ ಗಂಟನ್ನು ಎಲ್ಲರೂ ನೋಡುತ್ತಿರುವಂತೆಯೇ ನಿಧಾನವಾಗಿ ಬಿಚ್ಚಿದಳು. ಮಂಡಕ್ಕಿ ಬಸ್ಸಿನ ತುಂಬ ಉರುಳಿತು.

ನನ್ನ ತಂಗಿ ಒಂದು ಗಳಿಗೆ ಮಗಳನ್ನು ನೋಡಿದಳು. ಆಮೇಲೆ ತುರುಬಿಗೆ ಕೈ ಹಾಕಿ, "ನಂದೂ," ಎಂದಳು. ಅದಾದ ಮೇಲೆ ತಡೆಯಿರಲಿಲ್ಲ. ನೀಲವೇಣಿಯ ಮೇಲಿನ ಪ್ರೀತಿಗೆ ಎಷ್ಟು ಜನ ಬಿಚ್ಚಿದರೋ, ಸತ್ತವರ ಲೆಕ್ಕಕ್ಕೆ ಸೇರುವ ಭಯಕ್ಕೆ ಎಷ್ಟು ಜನ ಬಿಚ್ಚಿದರೋ ಹೇಳಲಾರೆ. ಮೇಷ್ಟರು ಅಂಗಿಯ ಗುಂಡಿ ಬಿಚ್ಚಿಕೊಂಡರು. ಡೋಲಿನವನು ಹಗ್ಗ ಸಡಿಲಿಸಿದ. ಬೂಂದಿ ಲಾಡಿನ ಬುಟ್ಟಿಯ ದಾರವನ್ನು ಯಾರೋ ಬೇಗ ಬೇಗ ಬಿಚ್ಚಿದರು, ಅವರ ಉದ್ದೇಶ ಬೇರೆ ಇತ್ತು. ಎಲ್ಲ ಕಡೆಯಿಂದಲೂ ನಂದೂ, ನಂದೂ ಎಂಬ ಕೂಗು.

ಗಿರಿಜಮ್ಮ ಮಗನ ಕಡೆ ತಿರುಗಿದರು. "ಚಿದಾ, ನೀನೇ ಹೇಳೋ! ನಿನ್ನ ಪಕ್ಕದಲ್ಲೇ ತಾನೇ ಬಿಚ್ಚಿದ್ದು!"

ಹುಡುಗ ಬಾಯಿ ತೆರೆದ. ತಾಯಿಯನ್ನು ನೋಡಿದ, ನೀಲವೇಣಿಯನ್ನು ನೋಡಿದ. ಹಣೆಗೆ ಕಟ್ಟಿದ್ದ ಬಾಸಿಂಗದ ದಾರ ಹಿಡಿದು ಎಳೆದುಬಿಟ್ಟ. "ನಂದೂ ಬಿಚ್ಚಿತು ಅಮ್ಮ," ಎಂದ. ಅವನು ಯಾರನ್ನೂ ಕೇಳದೆ ಮಾಡಿದ ಮೊದಲ ಕೆಲಸ ಅದೇ ಇರಬೇಕು. ಮುಖ ಕೆಂಪಾಗಿತ್ತು, ಆದರೂ ಹಗುರಾಗಿತ್ತು.

ಉಳಿದವರು ರುದ್ರಯ್ಯ ಒಬ್ಬರೇ. ಜರತಾರಿ ಪಂಚೆಯನ್ನು ಎರಡು ಕೈಯಲ್ಲಿ ಹಿಡಿದು, "ಇದೆಲ್ಲ ಮೋಸ! ನಂದು ಗಟ್ಟಿ ಇದೆ, ನೋಡ್ಕೊಳ್ಳಿ!" ಎಂದು ಗರ್ಜಿಸಿದರು.

"ಪಾಪ," ಎಂದಳು ಹೊನ್ನಜ್ಜಿ. "ಯಾರಾದ್ರೂ ಇವರನ್ನ ಕಾಲು ನೀಡಿ ಮಲಗಿಸ್ರಪ್ಪ. ಹಾರ ಹೆಂಗೂ ಇದೆ, ವಾಲಗನೂ ಇದೆ."

ಡೋಲಿನವನು ಸಡಿಲವಾದ ಡೋಲಿಗೇ ಒಂದು ಪೆಟ್ಟು ಕೊಟ್ಟ. ರುದ್ರಯ್ಯ ಬಸ್ಸಿನ ತುಂಬ ಕಣ್ಣಾಡಿಸಿದರು. ಒಂದು ಕೈಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಪಂಚೆಯ ಗಂಟನ್ನು ಅರ್ಧಕ್ಕೆ ಸಡಿಲಿಸಿ, "ಸ್ವಲ್ಪ ಬಿಚ್ಚಿತು," ಎಂದರು.

ಕೆಳಗಿನ ಪೇಟೆಯಲ್ಲಿ ತಾಳಿ ಆಗಲಿಲ್ಲ, ಊಟ ಆಯಿತು. ನನಗೆ ಎಲೆ ಹಾಕಲು ಯಾರೂ ಮುಂದೆ ಬರಲಿಲ್ಲ. ನಾನೇ ಕೊನೆಯ ಪಂಕ್ತಿಯಲ್ಲಿ ಕೂತು ಉಂಡೆ. ಗಿರಿಜಮ್ಮ ಮಾತ್ರ ಬಿಡಲಿಲ್ಲ. ಕ್ಲಚ್ಚು ಒತ್ತಿದಾಗ ಗಂಟು ತಕ್ಷಣ ಯಾಕೆ ಬಿಚ್ಚಲಿಲ್ಲ? ಕ್ಲಚ್ಚೇ ಕೆಲಸ ಮಾಡಿಲ್ಲ, ಹುಡುಗಿ ಕೈಯಾರೆ ಬಿಚ್ಚಿದ್ದಾಳೆ. ಕೈಯಾರೆ ಬಿಚ್ಚಿದವಳ ಅಂಗಡಿಗೆ ನಾಳೆಯಿಂದ ಯಾವ ಮರ್ಯಾದಸ್ಥ ಹೋಗುತ್ತಾನೋ ನೋಡುತ್ತೇನೆ ಎಂದರು. ಸಾಬ್ಜಾನು ಹೇಗೂ ಗೇರ್ ಬಾಕ್ಸು ಬಿಚ್ಚುತ್ತಾನಲ್ಲ, ಕ್ಲಚ್ಚನ್ನೂ ನೋಡಿ ಹೇಳಲಿ ಎಂದು ತೀರ್ಮಾನವಾಯಿತು. ಮಾರನೆಯ ದಿನ ಗ್ಯಾರೇಜಿನ ಮುಂದೆ ಎರಡು ಪೇಟೆಯ ಜನವೂ ಸೇರಿತ್ತು. ನೀಲವೇಣಿ ಅಂಗಡಿ ಮುಚ್ಚಿ ಬಂದು ದೂರದಲ್ಲಿ ನಿಂತಿದ್ದಳು.

ಬಸ್ಸಿನ ಕೆಳಗೆ ನಾನೂ ಸಾಬ್ಜಾನೂ ಇಬ್ಬರೇ. ಅವನು ಗೇರ್ ಬಾಕ್ಸು ಇಳಿಸಿ, ಮುಚ್ಚಳ ತೆಗೆದು, ಒಂದೊಂದೇ ಹಲ್ಲನ್ನು ಬಟ್ಟೆಯಲ್ಲಿ ಒರೆಸಿ ನೋಡಿದ. ಬಳೆಗಳನ್ನು ಉಗುರಿನಲ್ಲಿ ಕೆರೆದು ನೋಡಿದ.

"ಮಲಿಯಣ್ಣ, ಗೆದ್ದೆ. ಒಂದು ಗೀರೂ ಇಲ್ಲ. ನಿನ್ನೆ ಹಲ್ಲು ಕಡಿದ ಗುರುತೂ ಇಲ್ಲ. ನನ್ನ ಜೀವಮಾನದಲ್ಲಿ ಇಂಥ ಗೇರ್ ಬಾಕ್ಸ್ ನೋಡಿಲ್ಲ."

ಎದೆ ಉಬ್ಬಿ ನನ್ನ ತಲೆ ಬಸ್ಸಿನ ತಳಕ್ಕೆ ತಾಗಿತು. ಹೊರಗೆ ಹೋಗಿ ಕೂಗಬೇಕೆಂದು ಹೊರಟವನನ್ನು ಅವನು ಅಂಗಿ ಹಿಡಿದು ಎಳೆದ.

"ತಡಿ. ಇಲ್ಲಿ ನೋಡು. ಪೆಡಲ್ ಕೆಳಗೆ ಹೋದ್ರೆ ಸಾಲದು, ಒಳಗಿನ ಪ್ಲೇಟು ಬಿಟ್ಟುಕೊಳ್ಳಬೇಕು. ಇದು ತುಕ್ಕು ಹಿಡಿದು ಕಚ್ಚಿಕೊಂಡಿದೆ. ನೀನು ಇಡೀ ದಿನ ಒತ್ತಿದ್ರೂ ಬಿಡ್ತಿರಲಿಲ್ಲ." ದನಿ ತಗ್ಗಿಸಿದ. "ಹುಡುಗಿ ಕೈಯಲ್ಲೇ ಬಿಚ್ಚಿದ್ಲಾ?"

"ಹೂಂ."

"ಗಂಟು ಗಟ್ಟಿ ಇತ್ತಾ?"

"ನಾನೇ ಹಾಕಿದ್ದು."

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಯೋಚಿಸಿದ. "ಕ್ಲಚ್ ಸರಿ ಇದೆ ಅಂತ ನಾನು ಹೇಳ್ತೀನಿ. ಆದ್ರೆ ಗಂಟು ತಡವಾಗಿ ಯಾಕೆ ಬಿಚ್ಚಿತು ಅಂತ ಆಯಮ್ಮ ಕೇಳ್ತಾರೆ. ಅದಕ್ಕೊಂದು ಕಾರಣ ಬೇಕಲ್ಲ." ನನ್ನ ಮೀಸೆಯ ಕಡೆ ನೋಡಿದ. "ಗೇರ್ ಬಾಕ್ಸ್ ಪೂರ್ತಿ ಹಾಳಾಗಿದೆ, ಹಲ್ಲೆಲ್ಲ ಸವೆದಿವೆ, ಅದಕ್ಕೇ ಕ್ಲಚ್ಚಿನ ಕೆಲಸ ನಿಧಾನ ಆಯ್ತು ಅಂದ್ರೆ ಯಾರೂ ಮರುಮಾತಾಡಲ್ಲ."

"ಅಯ್ಯೋ ಪಾಪಿ."

"ಅಲ್ಲಾನ ಆಣೆ ಮಲಿಯಣ್ಣ, ಇದರಲ್ಲಿ ನನ್ನ ಸ್ವಾರ್ಥ ಒಂಚೂರೂ ಇಲ್ಲ," ಎಂದ. ತಡೆದ ನಗುವಿಗೆ ಹೊಟ್ಟೆ ಕುಲುಕುತ್ತಿತ್ತು.

ಚಕ್ರಗಳ ನಡುವಿನಿಂದ ನೀಲವೇಣಿಯ ಕಾಲು ಕಾಣುತ್ತಿತ್ತು. ಒಂದು ಕಾಲಿನ ಹೆಬ್ಬೆರಳನ್ನು ಇನ್ನೊಂದರ ಮೇಲೆ ಒತ್ತಿಕೊಂಡು ನಿಂತಿದ್ದಳು. ನಾನು ಹೊಳೆಯುವ ಆ ಹಲ್ಲುಗಳನ್ನು ಕೊನೆಯ ಸಲ ಕಣ್ತುಂಬ ನೋಡಿದೆ. "ಹೇಳು ಹೋಗು," ಎಂದೆ.

ಅವನು ಹೇಳಿದ್ದನ್ನು ಎರಡು ಪೇಟೆಯೂ ನಂಬಿತು. ನಾನು ಹಾಳಾಗಿದ್ದೇನೆ ಎಂಬುದನ್ನು ಜನ ಎಷ್ಟು ಸಲೀಸಾಗಿ ನಂಬುತ್ತಾರೆ ಎಂದು ಆವತ್ತು ತಿಳಿಯಿತು. ಚೌಕದಲ್ಲಿ ಕುರ್ಚಿ ಹಾಕಿಸಿ ಮೀಸೆ ಬೋಳಿಸಿದರು. ಕನ್ನಡಿ ಹಿಡಿದು ನಿಂತವಳು ನೀಲವೇಣಿ.

"ಮಾವ, ಹಲ್ಲು ನಿಜವಾಗ್ಲೂ ಸವೆದಿತ್ತಾ?"

"ಸವೆದಿತ್ತು ಕಣೇ. ಸಾಬ್ಜಾನು ಹೇಳಿದ್ದೇ ಸರಿ."

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಅವಳು ನಂಬಲಿಲ್ಲ ಎಂದು ಗೊತ್ತಾಯಿತು. ಸೆರಗಿನ ತುದಿಯಿಂದ ನನ್ನ ತುಟಿಯ ಮೇಲಿನ ಸೋಪು ಒರೆಸಿದಳು. ಮಾರನೆಯ ದಿನ ಅಂಗಡಿ ಬಾಗಿಲು ತೆಗೆದಳು. ಕೋಟಿನ ಇನ್ನೊಂದು ತೋಳೂ ಬಂತು. ಚಿದಾನಂದ ಈಗ ಅಲ್ಲೇ ಪಂಚೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಾನೆ. ಕಾಫಿ ಕೊಟ್ಟರೆ ಒಂದು ಚಮಚ ಸಕ್ಕರೆ ಸಾಕು ಎಂದು ತಾನೇ ಹೇಳುತ್ತಾನಂತೆ.

ಇದಾದ ಮೇಲೆ ನನ್ನ ಬಸ್ಸಿನಲ್ಲಿ ಆಗೊಮ್ಮೆ ಈಗೊಮ್ಮೆ ಲಗ್ನದ ಗಂಟು ಬಿಚ್ಚುತ್ತದೆ. ನನ್ನ ಎಡಗಾಲು ಸೀಟಿನ ಮೇಲೆಯೇ ಇರುತ್ತದೆ, ಚಪ್ಪಲಿ ಹಿಡಿದವರು ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾರೆ, ಆದರೂ ಹಿಂದಿನ ಸೀಟಿನಲ್ಲಿ ಯಾವಳೋ ಒಬ್ಬಳು ನಂದು ಬಿಚ್ಚಿತು ಎನ್ನುತ್ತಾಳೆ. ಒಂದೆರಡು ಸಲ ಹುಡುಗರೂ ಅಂದದ್ದುಂಟು. ತಾಯಂದಿರು ನನ್ನ ಮೇಲೆ ರೇಗುತ್ತಾರೆ. ಏನು ಮಾಡಲಿ ತಾಯಿ, ಗೇರ್ ಬಾಕ್ಸು ಹಾಳಾಗಿದೆಯಲ್ಲ ಎನ್ನುತ್ತೇನೆ. ಸವಾರಿಯ ದಿನ ಹಿಂದಿನ ಸೀಟು ಕಾಣದಂತೆ ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿಟ್ಟು, ಎರಡು ಬೆರಳಲ್ಲಿ ಮೂರನೇ ಗೇರು ಹಾಕಿ, ರಸ್ತೆ ನೋಡುತ್ತೇನೆ.